ಹಾರಾಟ ಕಲಿಯಲು ವಿದೇಶಕ್ಕೆ ಹೊರಡುವ ಮುನ್ನ: ಅಮೆರಿಕ, ಆಸ್ಟ್ರೇಲಿಯಾ, ಜರ್ಮನಿ, ಕೆನಡಾಗಳ ಭದ್ರತಾ ತಪಾಸಣೆಯ ಹೋಲಿಕೆ

ಪೈಲಟ್ ತರಬೇತಿಗೆಂದು ಮಗನನ್ನೋ ಮಗಳನ್ನೋ ವಿದೇಶಕ್ಕೆ ಕಳುಹಿಸಲು ಹೊರಟ ಮನೆಗಳಲ್ಲಿ ಲೆಕ್ಕಾಚಾರವು ಸಾಮಾನ್ಯವಾಗಿ ಶುಲ್ಕ, ಬ್ಯಾಂಕ್ ಸಾಲ, ಹವಾಮಾನ ಮತ್ತು ವೀಸಾಗಳ ಸುತ್ತಲೇ ನಡೆಯುತ್ತದೆ. ವಿಮಾನದ ನಿಯಂತ್ರಣವನ್ನು ಕೈಗೆ ಕೊಡುವ ಮೊದಲು ಆ ದೇಶವು ಕಲಿಯುವವರ ಹಿನ್ನೆಲೆಯನ್ನು ಯಾವ ಹಂತದಲ್ಲಿ ಪರಿಶೀಲಿಸುತ್ತದೆ, ಒಮ್ಮೆ ಕೊಟ್ಟ ಒಪ್ಪಿಗೆ ಎಷ್ಟು ಕಾಲ ಊರ್ಜಿತವಾಗಿರುತ್ತದೆ, ಶಾಲೆ ಬದಲಿಸಿದರೆ ಅದು ಜೊತೆಗೆ ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ಏಜೆಂಟರ ಕರಪತ್ರದಲ್ಲಿ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಗುವುದಿಲ್ಲ. ಮುಂಗಡ ಹಣ ಕಟ್ಟಿ, ವಿಮಾನ ಟಿಕೆಟ್ ಕೊಂಡು, ಊರಿನವರಿಂದ ಬೀಳ್ಕೊಂಡು ಹೋದ ಮೇಲೆ ಈ ತಪಾಸಣೆಯ ಕಾರಣದಿಂದ ಕಾಯುತ್ತ ಕುಳಿತರೆ ಬಾಡಿಗೆ ಮತ್ತು ಊಟದ ಖರ್ಚು ಡಾಲರ್‌ಗಳಲ್ಲಿ ಏರುತ್ತ ಹೋಗುತ್ತದೆ.

ಯಾವ ದೇಶದ ತಪಾಸಣೆ ಹೆಚ್ಚು ಕಠಿಣ ಎಂದು ಕೇಳುವುದರಿಂದ ಆಯ್ಕೆಗೆ ಹೆಚ್ಚಿನ ನೆರವಾಗುವುದಿಲ್ಲ. ಕ್ರಿಮಿನಲ್ ದಾಖಲೆಯಾಗಲಿ, ವೀಸಾ ಉಲ್ಲಂಘನೆಯ ಚರಿತ್ರೆಯಾಗಲಿ ಇಲ್ಲದ ಸಾಮಾನ್ಯ ವಿದ್ಯಾರ್ಥಿ ಈ ನಾಲ್ಕೂ ದೇಶಗಳಲ್ಲಿ ತೇರ್ಗಡೆಯಾಗುವ ಸಂಭವವೇ ಹೆಚ್ಚು. ಕೇಳಬೇಕಾದ ಪ್ರಶ್ನೆ ಬೇರೆಯದು: ‘ಇಲ್ಲ’ ಎಂಬ ಉತ್ತರ ಅಥವಾ ‘ಇನ್ನೂ ಇಲ್ಲ’ ಎಂಬ ಉತ್ತರ ಯಾವ ಹಂತದಲ್ಲಿ ಬರಬಹುದು, ಮತ್ತು ಆ ಹೊತ್ತಿಗೆ ನಿಮ್ಮ ಎಷ್ಟು ಹಣ ಕೈಬಿಟ್ಟು ಹೋಗಿರುತ್ತದೆ? ಮುಂದಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯನ್ನು ಹಿಡಿದು ಸಾಗುತ್ತದೆ.

ಅಮೆರಿಕ: ಪಾಸ್‌ಪೋರ್ಟ್ ನೋಡಿ ನಡೆಯುವ ತಪಾಸಣೆ

ಹಾರಾಟ ತರಬೇತಿಗೆಂದೇ ಪ್ರತ್ಯೇಕವಾದ, ವಿದೇಶಿಯರಿಗೆ ಮಾತ್ರ ಅನ್ವಯಿಸುವ ತಪಾಸಣಾ ವ್ಯವಸ್ಥೆ ಇರುವುದು ಅಮೆರಿಕದಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ವಿಮಾನಗಳನ್ನು ನಡೆಸಿದ ನಾಲ್ವರೂ ಅಮೆರಿಕದ ಶಾಲೆಗಳಲ್ಲಿ ಹಾರಾಟ ಕಲಿತಿದ್ದರು. ಅವರಲ್ಲಿ ಮೂವರು ಕಲಿತದ್ದು ಫ್ಲಾರಿಡಾದ ವೆನಿಸ್ ಎಂಬ ಒಂದೇ ಸಣ್ಣ ಪಟ್ಟಣದಲ್ಲಿ. ದಾಳಿಯಾಗಿ ಆರು ತಿಂಗಳಾದ ಮೇಲೆ, 2002ರ ಮಾರ್ಚ್‌ನಲ್ಲಿ, ಆ ನಾಲ್ವರಲ್ಲಿ ಇಬ್ಬರಾದ ಮೊಹಮ್ಮದ್ ಅಟ್ಟಾ ಮತ್ತು ಮರ್ವಾನ್ ಅಲ್ ಶೆಹ್ಹಿ ಇವರ ವಿದ್ಯಾರ್ಥಿ ವೀಸಾ ಮಂಜೂರಾಗಿದೆ ಎಂಬ ಸರ್ಕಾರಿ ಪತ್ರಗಳು ಅವರು ಕಲಿತಿದ್ದ ಶಾಲೆಗೆ ಬಂದು ತಲುಪಿದವು. ವಲಸೆ ಇಲಾಖೆಗೂ ಭದ್ರತಾ ಇಲಾಖೆಗಳಿಗೂ ನಡುವೆ ಮಾತುಕತೆಯೇ ಇಲ್ಲವೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲು ಸಾಧ್ಯವಿರಲಿಲ್ಲ. 2001ರ ನವೆಂಬರ್‌ನ ಕಾನೂನು ಭಾರೀ ವಿಮಾನಗಳ ತರಬೇತಿಯನ್ನು ನ್ಯಾಯ ಇಲಾಖೆಯ ಕಣ್ಗಾವಲಿಗೆ ಒಪ್ಪಿಸಿತು. 2003ರ ಕಾನೂನು ಆ ಹೊಣೆಯನ್ನು ಸಾರಿಗೆ ಭದ್ರತಾ ಆಡಳಿತಕ್ಕೆ, ಅಂದರೆ ಟಿಎಸ್‌ಎಗೆ, ವರ್ಗಾಯಿಸಿ ಸಣ್ಣ ವಿಮಾನಗಳನ್ನೂ ವ್ಯಾಪ್ತಿಗೆ ತಂದಿತು. 2004ರ ಸೆಪ್ಟೆಂಬರ್‌ನಲ್ಲಿ ಬಂದ ಮಧ್ಯಂತರ ನಿಯಮವೇ ಸುಮಾರು 20 ವರ್ಷ ನಡೆದು, ಅಂತಿಮ ನಿಯಮವು 2024ರ ಮೇ 1ರಂದು ಪ್ರಕಟವಾಗಿ ಜುಲೈ 30ರಿಂದ ಜಾರಿಗೆ ಬಂದಿತು. ಹಿಂದೆ ‘ಏಲಿಯನ್ ಫ್ಲೈಟ್ ಸ್ಟೂಡೆಂಟ್ ಪ್ರೋಗ್ರಾಂ’ ಎಂದಿದ್ದ ಈ ಯೋಜನೆ ಈಗ ‘ಫ್ಲೈಟ್ ಟ್ರೇನಿಂಗ್ ಸೆಕ್ಯುರಿಟಿ ಪ್ರೋಗ್ರಾಂ’ ಆಗಿದೆ. ಹಳೆಯ ಹೆಸರಿನಲ್ಲೇ ಮಾಹಿತಿ ಕೊಡುವ, ಒಂದರಿಂದ ನಾಲ್ಕರವರೆಗಿನ ಹಳೆಯ ವರ್ಗಗಳನ್ನು ಇನ್ನೂ ವಿವರಿಸುವ ಏಜೆಂಟರ ಮಾತನ್ನು ಒಂದು ಪಟ್ಟು ಹೆಚ್ಚು ಪರೀಕ್ಷಿಸಿ ನಂಬುವುದು ಕ್ಷೇಮ.

2024ರ ಬದಲಾವಣೆಯಲ್ಲಿ ವಿದ್ಯಾರ್ಥಿಗೆ ಮುಖ್ಯವಾದದ್ದು ತಪಾಸಣೆಯ ಅವಧಿ. ಹಿಂದೆ ಪ್ರತಿಯೊಂದು ತರಬೇತಿಗೂ ಬೇರೆಬೇರೆ ಅರ್ಜಿ, ಬೇರೆಬೇರೆ ಶುಲ್ಕ ಇರುತ್ತಿದ್ದವು. ಖಾಸಗಿ ಪೈಲಟ್ ಲೈಸೆನ್ಸ್‌ಗೆ ಒಮ್ಮೆ, ಉಪಕರಣಗಳನ್ನೇ ನಂಬಿ ಹಾರಿಸುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ ಇನ್ನೊಮ್ಮೆ, ಒಂದಕ್ಕಿಂತ ಹೆಚ್ಚು ಎಂಜಿನ್‌ಗಳ ವಿಮಾನಕ್ಕೆ ಬೇಕಾದ ಮಲ್ಟಿ ಎಂಜಿನ್ ರೇಟಿಂಗ್‌ಗೆ ಮತ್ತೊಮ್ಮೆ ಎಂದು ತಲಾ 130 ಡಾಲರ್‌ನಂತೆ 390 ಡಾಲರ್ ಕಟ್ಟಬೇಕಾಗುತ್ತಿತ್ತು. ಈಗ ಅಭ್ಯರ್ಥಿಯ ಭದ್ರತಾ ಅಪಾಯದ ಮೌಲ್ಯಮಾಪನ ಒಮ್ಮೆ ಮುಗಿದು ಅರ್ಹತೆ ಸಿಕ್ಕಿದರೆ ಅದು ಗರಿಷ್ಠ 5 ವರ್ಷ ನಡೆಯುತ್ತದೆ. ನಡುವೆ ಮಾಡುವ ಒಂದೊಂದು ತರಬೇತಿಯನ್ನೂ ಪೋರ್ಟಲ್‌ನಲ್ಲಿ ತಿಳಿಸಿದರೆ ಸಾಕು. ‘ಗರಿಷ್ಠ’ ಎಂಬ ಪದವನ್ನು ಮಾತ್ರ ಗಮನವಿಟ್ಟು ಓದಬೇಕು. ಅಮೆರಿಕದಲ್ಲಿ ಇರಲು ನಿಮಗಿರುವ ಕಾನೂನುಬದ್ಧ ಹಕ್ಕು ಮುಗಿದ ದಿನವೇ ಈ ಅರ್ಹತೆಯೂ ಆಧಾರ ಕಳೆದುಕೊಳ್ಳುತ್ತದೆ. ಶಾಲೆಯೊಂದು ದಿವಾಳಿಯೆದ್ದರೆ ಅಥವಾ ಬೋಧಕರ ಕೊರತೆಯಿಂದ ತರಬೇತಿ ಕುಂಟತೊಡಗಿದರೆ ಹೊಸ ನಿಯಮದಲ್ಲಿ ಅರ್ಹತೆಯನ್ನು ಜೊತೆಗೊಯ್ದು ಬೇರೆ ಶಾಲೆಯ ಹೆಸರಿನಲ್ಲಿ ತರಬೇತಿಯನ್ನು ನಮೂದಿಸಬಹುದು. ಹಳೆಯ ಪದ್ಧತಿಯಲ್ಲಿ ಶಾಲೆ ಬದಲಿಸುವುದೆಂದರೆ ಮತ್ತೆ ಮೊದಲಿನಿಂದ ಶುಲ್ಕ ಕಟ್ಟಿ ಕಾಯುವುದಾಗಿತ್ತು. ಅಮೆರಿಕದ ಪರವಾಗಿ ಹೇಳಬಹುದಾದ ಬಲವಾದ ಮಾತು ನನ್ನ ದೃಷ್ಟಿಯಲ್ಲಿ ಇದೇ.

ಯಾವ ತರಬೇತಿಗೆ ಇದು ಬೇಕು, ಯಾವುದಕ್ಕೆ ಬೇಡ ಎಂಬಲ್ಲಿ ಗೊಂದಲ ಹೆಚ್ಚು. ಕಾನೂನು 12,500 ಪೌಂಡ್, ಅಂದರೆ ಸುಮಾರು 5,670 ಕಿಲೋ ತೂಕವನ್ನು ಗಡಿಯಾಗಿ ಇಟ್ಟುಕೊಂಡಿದೆ. ಇದು ವಿಮಾನವು ಮೇಲೇರುವಾಗ ಇರಬಹುದಾದ ಗರಿಷ್ಠ ಪ್ರಮಾಣಿತ ತೂಕದ ಲೆಕ್ಕ. ಕಲಿಯುವವರು ಮೊದಲು ಹಾರಿಸುವ ಸೆಸ್ನಾ 172ರ ಗರಿಷ್ಠ ತೂಕ ಸುಮಾರು 2,550 ಪೌಂಡ್. ಕಿಂಗ್ ಏರ್ 200 ಸರಿಯಾಗಿ ಗಡಿಯ ಮೇಲೆ ನಿಲ್ಲುತ್ತದೆ. ಬೋಯಿಂಗ್ 737, ಏರ್‌ಬಸ್ ಎ320ಗಳು ಅದನ್ನು ಎಷ್ಟೋ ಪಟ್ಟು ಮೀರುತ್ತವೆ. ಗಡಿಯೊಳಗಿನ ವಿಮಾನಗಳಲ್ಲಿ ಮೊದಲ ಪೈಲಟ್ ಲೈಸೆನ್ಸ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಮತ್ತು ಮಲ್ಟಿ ಎಂಜಿನ್ ರೇಟಿಂಗ್ ಈ ಮೂರು ತರಬೇತಿಗಳಿಗೆ ಟಿಎಸ್‌ಎ ಒಪ್ಪಿಗೆ ಬೇಕು. ಒಂಟಿ ಎಂಜಿನ್ ವಿಮಾನದಲ್ಲಿ ನಡೆಯುವ ಕಮರ್ಷಿಯಲ್ ಲೈಸೆನ್ಸ್‌ನ ತರಬೇತಿ ಈ ಪಟ್ಟಿಯಲ್ಲಿ ಇಲ್ಲ. ತರಗತಿಯಲ್ಲಿ ಕುಳಿತು ಕಲಿಯುವ ಗ್ರೌಂಡ್ ಸ್ಕೂಲ್ ಮತ್ತು ಪ್ರಚಾರಕ್ಕಾಗಿ ಕರೆದೊಯ್ಯುವ ಒಂದು ಸುತ್ತಿನ ಪ್ರದರ್ಶನ ಹಾರಾಟ ಕೂಡ ಹೊರಗೇ ಉಳಿಯುತ್ತವೆ. ಆದ್ದರಿಂದ ಒಪ್ಪಿಗೆಗೆ ಕಾಯುವ ವಾರಗಳನ್ನು ಹವಾಮಾನ ಶಾಸ್ತ್ರ, ನ್ಯಾವಿಗೇಶನ್ ಪಾಠಗಳಿಗೆ ಬಳಸುವಂತೆ ಶಾಲೆಯೊಂದಿಗೆ ಮೊದಲೇ ಮಾತಾಡಿಕೊಂಡರೆ ಕಾಲವೂ ವ್ಯರ್ಥವಾಗುವುದಿಲ್ಲ, ಕಾನೂನೂ ಮುರಿಯುವುದಿಲ್ಲ.

ಈ ತಪಾಸಣೆಗೆ ಒಳಪಡುವವರು ಯಾರು ಎಂಬುದು ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ ವಿಷಯ. ಅಮೆರಿಕದ ಪೌರರು ಪಾಸ್‌ಪೋರ್ಟನ್ನೋ, ಜನನ ಪ್ರಮಾಣಪತ್ರವನ್ನು ಭಾವಚಿತ್ರವಿರುವ ಗುರುತಿನ ಚೀಟಿಯೊಂದಿಗೋ ತೋರಿಸಿ ಅಂದೇ ಹಾರಾಟ ಆರಂಭಿಸಬಹುದು. ಗ್ರೀನ್ ಕಾರ್ಡ್ ಹೊಂದಿದವರು ಹಾಗೆ ಮಾಡುವಂತಿಲ್ಲ. ಫ್ರೀಮಾಂಟ್‌ನಲ್ಲಿ ಮನೆ ಕಟ್ಟಿಕೊಂಡು ದಶಕಗಳಿಂದ ತೆರಿಗೆ ಕಟ್ಟುತ್ತಿರುವ ಗ್ರೀನ್ ಕಾರ್ಡ್‌ದಾರರೂ, ಎಚ್-1ಬಿ ವೀಸಾದಲ್ಲಿದ್ದು ವಾರಾಂತ್ಯದಲ್ಲಿ ಹವ್ಯಾಸಕ್ಕೆ ಹಾರಾಟ ಕಲಿಯಬಯಸುವ ಡಲ್ಲಾಸ್‌ನ ಎಂಜಿನಿಯರೂ, ದಾವಣಗೆರೆಯಿಂದ ಮೊದಲ ಬಾರಿಗೆ ಹೊರಟ ಹದಿನೆಂಟರ ಹುಡುಗನೂ ಇಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅಪಾಯವನ್ನು ಪಾಸ್‌ಪೋರ್ಟಿನ ಬಣ್ಣದಿಂದ ಅಳೆಯುವ ಈ ಕ್ರಮ ಎಷ್ಟು ಸಮಂಜಸ ಎಂಬ ಚರ್ಚೆ ಬೇರೆ. ಅದನ್ನು ಪಾಲಿಸದೆ ಕಲಿಸಿದ ಬೋಧಕರಿಗೂ ಶಾಲೆಗೂ ದಂಡ ಬೀಳುವುದರಿಂದ ಯಾರೂ ರಿಯಾಯಿತಿ ತೋರಿಸುವುದಿಲ್ಲ.

ಪ್ರಕ್ರಿಯೆಯ ಕ್ರಮವನ್ನು ಇನ್ನಷ್ಟು ನಿಧಾನವಾಗಿ ನೋಡಬೇಕು, ಏಕೆಂದರೆ ಹಣ ಸಿಕ್ಕಿಬೀಳುವುದು ಇಲ್ಲಿಯೇ. ಕರ್ನಾಟಕದಿಂದ ಹೊರಡುವ ವಿದ್ಯಾರ್ಥಿಯು ಮೊದಲು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಪಡೆದ ಶಾಲೆಯಿಂದ ಪ್ರವೇಶವನ್ನು ದೃಢಪಡಿಸುವ ಐ-20 ಪತ್ರ ಪಡೆಯಬೇಕು, ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯಾದ ಸೆವಿಸ್‌ಗೆ 350 ಡಾಲರ್ ಶುಲ್ಕ ಕಟ್ಟಬೇಕು, ವೀಸಾ ಸಂದರ್ಶನ ಮುಗಿಸಬೇಕು. ಟಿಎಸ್‌ಎ ಪೋರ್ಟಲ್‌ನಲ್ಲಿ ಖಾತೆ ತೆರೆದು ಪಾಸ್‌ಪೋರ್ಟ್, ವೀಸಾ, ಕಳೆದ 5 ವರ್ಷಗಳ ವಿಳಾಸಗಳು ಮುಂತಾದ ವಿವರ ಕೊಟ್ಟು ತರಬೇತಿಯನ್ನು ನಮೂದಿಸಿದಾಗ ಶಾಲೆ ಅದನ್ನು ತನ್ನ ಕಡೆಯಿಂದ ದೃಢಪಡಿಸುತ್ತದೆ. ಆಮೇಲೆ ಶುಲ್ಕ, ಬೆರಳಚ್ಚು, ಪರಿಶೀಲನೆ ನಡೆದು, ಕೊನೆಗೆ ಅರ್ಹತೆಯ ನಿರ್ಧಾರ ಬರುತ್ತದೆ. ವಿದ್ಯಾರ್ಥಿ ತರಬೇತಿಗೆ ಬಂದು ನಿಂತ ದಿನ ಶಾಲೆಯೇ ಅವರ ಭಾವಚಿತ್ರ ತೆಗೆದು ಪೋರ್ಟಲ್‌ಗೆ ಏರಿಸಬೇಕು. ಅರ್ಜಿ ಹಾಕಿದವರೂ ವಿಮಾನ ಏರುವವರೂ ಒಬ್ಬರೇ ಎಂಬುದಕ್ಕೆ ಅದು ಸಾಕ್ಷಿ. ಭಾರತದಿಂದ ಹೋಗುವ ಹೆಚ್ಚಿನವರ ಬೆರಳಚ್ಚು ಅಮೆರಿಕ ತಲುಪಿದ ಮೇಲೆಯೇ ಆಗುವುದರಿಂದ, ವೀಸಾ ಸಿಕ್ಕಿತೆಂಬ ಸಂಭ್ರಮದಲ್ಲಿ ಟಿಎಸ್‌ಎ ಅರ್ಜಿಯನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಮುಂದೂಡಿದವರು ಬಾಡಿಗೆ ಮನೆಯಲ್ಲಿ ಕೂರಬೇಕಾಗುತ್ತದೆ. ಬೆರಳಚ್ಚು ಒಂದನ್ನುಳಿದು ಉಳಿದೆಲ್ಲವನ್ನೂ ಊರಿನಲ್ಲಿರುವಾಗಲೇ ಮುಗಿಸುವುದು ಸಾಧ್ಯ, ಮತ್ತು ಅದೇ ಸರಿ.

ಎರಡು ಒಪ್ಪಿಗೆಗಳು ಒಂದರಿಂದೊಂದು ಸ್ವತಂತ್ರ ಎಂಬುದನ್ನು ಮರೆಯಬಾರದು. ವೀಸಾ ಸಿಕ್ಕಿದ್ದು ಟಿಎಸ್‌ಎ ಒಪ್ಪಿಗೆಯ ಭರವಸೆಯಲ್ಲ. ಟಿಎಸ್‌ಎ ಒಪ್ಪಿಗೆಯಿಂದ ವೀಸಾ ದೊರೆಯುವುದೂ ಇಲ್ಲ. ಹಾಗಾಗಿ ಮುಂಗಡ ಕಟ್ಟುವ ಮೊದಲು ಶಾಲೆಯಿಂದ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಿರಿ: ವೀಸಾ ನಿರಾಕರಣೆಯಾದರೆ ಎಷ್ಟು ಹಣ ಹಿಂದಿರುಗುತ್ತದೆ, ಮತ್ತು ವೀಸಾ ಸಿಕ್ಕಿ ಭದ್ರತಾ ಅರ್ಹತೆ ನಿರಾಕರಣೆಯಾದರೆ ಎಷ್ಟು ಹಿಂದಿರುಗುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರ ಮುದ್ರಿತವಾಗಿಯೇ ಇರುವುದುಂಟು. ಎರಡನೆಯದಕ್ಕೆ ಸ್ಪಷ್ಟವಾದ ಉತ್ತರ ಕೊಡಲು ಹಿಂದೆಮುಂದೆ ನೋಡುವ ಶಾಲೆಯನ್ನು ಪಟ್ಟಿಯಿಂದ ಕೈಬಿಡುವುದರಲ್ಲಿ ನಷ್ಟವೇನೂ ಇಲ್ಲ.

ಎಂ-1 ಮತ್ತು ಎಫ್-1: ಅಮೆರಿಕದೊಳಗಿನ ಆಯ್ಕೆ

ಭದ್ರತಾ ತಪಾಸಣೆ ಎರಡೂ ವೀಸಾಗಳಿಗೆ ಒಂದೇ ಆದರೂ ಅರ್ಹತೆ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ವೀಸಾದ ಸ್ವರೂಪವೇ ನಿರ್ಧರಿಸುವುದರಿಂದ ಈ ವಿಷಯ ಇಲ್ಲಿ ಪ್ರಸ್ತುತವಾಗುತ್ತದೆ. ವೃತ್ತಿ ತರಬೇತಿಯ ಎಂ-1 ವೀಸಾದಲ್ಲಿ ಮೊದಲಿಗೆ ಸಿಗುವ ವಾಸ್ತವ್ಯ ಒಂದು ವರ್ಷದ ಒಳಗಿನದು, ವಿಸ್ತರಣೆಗಳೂ ಸೇರಿ 3 ವರ್ಷ ಮೀರುವಂತಿಲ್ಲ. ಮೊದಲ 6 ತಿಂಗಳ ನಂತರ ಶಾಲೆ ಬದಲಿಸುವುದಕ್ಕೆ ಕೈಮೀರಿದ ಕಾರಣ ತೋರಿಸಬೇಕು. ಅಲ್ಲಿದ್ದುಕೊಂಡೇ ಎಫ್-1ಕ್ಕೆ ಬದಲಾಯಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಪ್ರತಿ 4 ತಿಂಗಳ ಓದಿಗೆ ಒಂದು ತಿಂಗಳಂತೆ ಗರಿಷ್ಠ 6 ತಿಂಗಳ ಪ್ರಾಯೋಗಿಕ ತರಬೇತಿಗೆ ಮಾತ್ರ ಅವಕಾಶ. ವಿಶ್ವವಿದ್ಯಾಲಯದ ಪದವಿಯೊಂದಿಗೆ ಬರುವ ಎಫ್-1 ದುಬಾರಿ, ಆದರೆ ಓದು ನಡೆಯುವಷ್ಟು ಕಾಲ ವಾಸ್ತವ್ಯ ಮುಂದುವರಿಯುತ್ತದೆ ಮತ್ತು ಪದವಿಯ ನಂತರ 12 ತಿಂಗಳು ಬೋಧಕರಾಗಿ ದುಡಿದು ಹಾರಾಟದ ಗಂಟೆಗಳನ್ನು ಕೂಡಿಸಿಕೊಳ್ಳುವ ದಾರಿ ಇದೆ. ಡೇಟೋನಾ ಬೀಚ್‌ನ ಎಂಬ್ರಿ-ರಿಡಲ್, ಗ್ರ್ಯಾಂಡ್ ಫೋರ್ಕ್ಸ್‌ನ ನಾರ್ತ್ ಡಕೋಟಾ ವಿಶ್ವವಿದ್ಯಾಲಯಗಳು ಈ ದಾರಿಯ ಹೆಸರಾಂತ ತಾಣಗಳು. ಹೊಸ ನಿಯಮದ 5 ವರ್ಷದ ಅರ್ಹತೆಯ ಲಾಭ ಪೂರ್ತಿಯಾಗಿ ದಕ್ಕುವುದು ಎಫ್-1ನವರಿಗೆ. ಎಂ-1ನಲ್ಲಿ ಅದು ವಾಸ್ತವ್ಯದ ಅವಧಿಗೆ ಮೊಟಕಾಗುತ್ತದೆ. ಭಾರತಕ್ಕೆ ಮರಳಿ ಇಲ್ಲಿನ ವಿಮಾನಯಾನ ಸಂಸ್ಥೆಯಲ್ಲೇ ಕೆಲಸ ಹುಡುಕುವುದು ಖಚಿತವಾಗಿದ್ದರೆ ಆ ಮೊಟಕುತನದಿಂದ ತೊಂದರೆಯಿಲ್ಲ, ಎಂ-1 ಸಾಕು. ಪ್ರವಾಸಿ ವೀಸಾದ ಮೇಲೆ ಹೋಗಿ ಲೈಸೆನ್ಸ್‌ಗಾಗಿ ಕಲಿಯಬಹುದು ಎಂದು ಹೇಳುವವರ ಮಾತಿಗೆ ಕಿವಿಗೊಡಬಾರದು.

ಕಲಿಕೆ ಮುಗಿಸಿ ಮರಳಿದವರಿಗೂ ಒಂದು ಬಾಬ್ತು ಉಳಿದಿರುತ್ತದೆ. ಅಮೆರಿಕದ ಹೊರಗಿನ ವಿಳಾಸ ಮಾತ್ರ ಇರುವ ಲೈಸೆನ್ಸ್‌ದಾರರು ತಮ್ಮ ಪರವಾಗಿ ಸರ್ಕಾರಿ ನೋಟಿಸ್ ಸ್ವೀಕರಿಸಲು ಅಮೆರಿಕದೊಳಗೆ ಒಬ್ಬ ಪ್ರತಿನಿಧಿಯನ್ನು ಹೆಸರಿಸಬೇಕೆಂಬ, ಅಲ್ಲಿನ ವಿಮಾನಯಾನ ಪ್ರಾಧಿಕಾರ ಎಫ್‌ಎಎಯ ನಿಯಮ ಹೊಸ ಅರ್ಜಿದಾರರಿಗೆ 2025ರ ಜನವರಿ 6ರಿಂದ, ಹಳಬರಿಗೆ ಜುಲೈ 7ರಿಂದ ಅನ್ವಯಿಸಿದೆ. ಅಲ್ಲಿ ಬಂಧುಗಳಿರುವ ಕನ್ನಡಿಗರಿಗೆ ಇದು ಭಾರವಲ್ಲ.

ಆಸ್ಟ್ರೇಲಿಯಾ: ಪೌರರಿಗೂ ವಿದೇಶಿಗರಿಗೂ ಒಂದೇ ಜರಡಿ

ಆಸ್ಟ್ರೇಲಿಯಾದಲ್ಲಿ ಹಾರಾಟ ಕಲಿಯುವ ವಿದೇಶಿಗರಿಗೆಂದು ಪ್ರತ್ಯೇಕ ಯೋಜನೆ ಇಲ್ಲ. ಲೈಸೆನ್ಸ್‌ನ ಹಕ್ಕುಗಳನ್ನು ಚಲಾಯಿಸಬೇಕಾದರೆ ಯಾವ ಪೈಲಟ್ ಆದರೂ, ಸಿಡ್ನಿಯಲ್ಲೇ ಹುಟ್ಟಿದವರಾದರೂ, ಹಿನ್ನೆಲೆ ಪರಿಶೀಲನೆಗೆ ಒಳಗಾಗಿ ‘ಎಸಿಕ್’ ಅಥವಾ ‘ಎವಿಡ್’ ಎಂಬ ಎರಡು ಗುರುತುಗಳಲ್ಲಿ ಒಂದನ್ನು ಪಡೆದಿರಬೇಕು. ಎವಿಡ್ ಎಂದರೆ ಪರಿಶೀಲನೆ ಮುಗಿದಿದೆ ಎಂಬುದಕ್ಕೆ ಪುರಾವೆ ಮಾತ್ರ. ವಿಮಾನ ನಿಲ್ದಾಣದ ಭದ್ರತಾ ವಲಯಕ್ಕೆ ಕಾಲಿಡಲು ಅದು ಸಾಲದು. ಎಸಿಕ್ 2 ವರ್ಷದವರೆಗೆ ನಡೆಯುವ, ಮೈಮೇಲೆ ಕಾಣುವಂತೆ ಧರಿಸುವ ಚೀಟಿ. ಭದ್ರತಾ ವಲಯದಲ್ಲಿ ಓಡಾಡುವವರಿಗೆ ಅದು ಅನಿವಾರ್ಯ. ಎರಡಕ್ಕೂ ಹಿಂದೆ ಇರುವುದು ಆಸ್‌ಚೆಕ್ ಎಂಬ ಸರ್ಕಾರಿ ವ್ಯವಸ್ಥೆಯ ಪರಿಶೀಲನೆ. ಅದರಲ್ಲಿ ಅಪರಾಧ ದಾಖಲೆ ಮತ್ತು ಗುಪ್ತಚರ ಸಂಸ್ಥೆಯ ಭದ್ರತಾ ಅಭಿಪ್ರಾಯ ಸೇರಿರುತ್ತವೆ, ವಿದೇಶಿಗರಾದರೆ ವೀಸಾ ಸ್ಥಿತಿಯೂ ಪರಿಶೀಲನೆಗೆ ಬರುತ್ತದೆ.

ಅಮೆರಿಕಕ್ಕೂ ಆಸ್ಟ್ರೇಲಿಯಾಕ್ಕೂ ಇರುವ ನಿಜವಾದ ಅಂತರವೆಂದರೆ ತಪಾಸಣೆ ತಡೆಯೊಡ್ಡುವ ಜಾಗ. ಅಮೆರಿಕದಲ್ಲಿ ಮೊದಲ ಹಾರಾಟ ಪಾಠಕ್ಕೇ ಬಾಗಿಲು ಮುಚ್ಚಿರುತ್ತದೆ. ಆಸ್ಟ್ರೇಲಿಯಾದಲ್ಲಿ ಪಾಠ ಶುರುವಾಗಿ ಲೈಸೆನ್ಸ್ ಹತ್ತಿರ ಬಂದಾಗ ಪರಿಶೀಲನೆ ಎದುರಾಗುತ್ತದೆ. ಮೇಲ್ನೋಟಕ್ಕೆ ಎರಡನೆಯದು ಸುಲಭವೆನಿಸಿದರೂ, ‘ಇಲ್ಲ’ ಎಂಬ ಉತ್ತರ ತಡವಾಗಿ ಬಂದಷ್ಟೂ ಕಳೆದುಕೊಳ್ಳುವ ಹಣ ಹೆಚ್ಚು. ಹಿಂದಿನ ಜೀವನದಲ್ಲಿ ಏನಾದರೂ ಮೊಕದ್ದಮೆ ಇದ್ದವರು ಆಸ್ಟ್ರೇಲಿಯಾವನ್ನು ಆರಿಸಿಕೊಂಡರೆ ಮೊದಲ ವಾರದಲ್ಲೇ ಎಸಿಕ್ ಅಥವಾ ಎವಿಡ್‌ಗೆ ಅರ್ಜಿ ಹಾಕಬೇಕೇ ಹೊರತು ಲೈಸೆನ್ಸ್ ಪರೀಕ್ಷೆ ಹತ್ತಿರವಾಗುವ ತನಕ ಕಾಯಬಾರದು. ಶಾಲೆಯ ಆಯ್ಕೆಯಲ್ಲೂ ಒಂದು ಸೂಕ್ಷ್ಮವಿದೆ: ನಿಗದಿತ ಪ್ರಯಾಣಿಕ ವಿಮಾನಗಳು ಇಳಿಯುವ ನಿಲ್ದಾಣದಲ್ಲಿರುವ ಶಾಲೆಯಾದರೆ ಭದ್ರತಾ ವಲಯದ ಪ್ರಶ್ನೆ ಮೊದಲ ದಿನದಿಂದಲೇ ಏಳುತ್ತದೆ. ಸಂದರ್ಶಕರ ಚೀಟಿಯ ಮೇಲೆ ಮೇಲ್ವಿಚಾರಣೆಯಲ್ಲಿ ಓಡಾಡಬಹುದಾದರೂ ಒಂದು ನಿಲ್ದಾಣದಲ್ಲಿ 12 ತಿಂಗಳಿಗೆ 28 ದಿನಗಳ ಮಿತಿ ಇದೆ. ಸಣ್ಣ ತರಬೇತಿ ನಿಲ್ದಾಣಗಳಲ್ಲಿರುವ ಶಾಲೆಗೆ ಆ ತಾಪತ್ರಯ ಕಡಿಮೆ.

ವೀಸಾ ಹಂತದಲ್ಲೂ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುವ ಸಂದರ್ಭಗಳುಂಟು. ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ 500 ರೂಪಾಯಿ ಶುಲ್ಕಕ್ಕೆ ಸಿಗುವ ಈ ಪಿಸಿಸಿಗೆ ಠಾಣೆಯ ವೆರಿಫಿಕೇಶನ್ ಮುಗಿಯಬೇಕಾಗುವುದರಿಂದ, ಪಾಸ್‌ಪೋರ್ಟಿನಲ್ಲಿ ಶಿವಮೊಗ್ಗದ ವಿಳಾಸವಿದ್ದು ವಾಸ ಬೆಂಗಳೂರಿನ ಪಿಜಿಯಲ್ಲಿರುವವರು ಎರಡೂ ಠಾಣೆಗಳ ನಡುವೆ ಅಲೆಯದಂತೆ ವಿಳಾಸವನ್ನು ಮೊದಲೇ ಸರಿಪಡಿಸಿಕೊಳ್ಳುವುದು ಒಳಿತು.

ನ್ಯೂಜಿಲೆಂಡಿನ ದಾರಿಯೂ ಸ್ಥೂಲವಾಗಿ ಇದೇ ಬಗೆಯದು: ಲೈಸೆನ್ಸ್ ಕೇಳುವವರೆಲ್ಲ ‘ಯೋಗ್ಯ ಮತ್ತು ಸೂಕ್ತ ವ್ಯಕ್ತಿ’ ಎಂದು ಸಾಬೀತುಪಡಿಸಬೇಕು, ಅದರಲ್ಲಿ ರಸ್ತೆ ಸಂಚಾರದ ಅಪರಾಧಗಳೂ ಲೆಕ್ಕಕ್ಕೆ ಬರುತ್ತವೆ.

ಜರ್ಮನಿ: ಕಲಿಯುವ ಮುನ್ನವೇ, ಎಲ್ಲರಿಗೂ

2003ರ ಜನವರಿಯಲ್ಲಿ ಒಬ್ಬಾತ ಮೋಟಾರ್ ಗ್ಲೈಡರ್ ಒಂದನ್ನು ಅಪಹರಿಸಿ ಫ್ರಾಂಕ್‌ಫರ್ಟ್ ನಗರದ ಬ್ಯಾಂಕ್ ಕಟ್ಟಡಗಳ ಮೇಲೆ ಸುತ್ತುತ್ತ, ಯುರೋಪಿನ ಕೇಂದ್ರೀಯ ಬ್ಯಾಂಕಿಗೆ ಅಪ್ಪಳಿಸುವುದಾಗಿ ಬೆದರಿಸಿದ. ಆತ ಕೊನೆಗೆ ಸುರಕ್ಷಿತವಾಗಿ ಇಳಿದನಾದರೂ ಆ ಘಟನೆಯ ನೆರಳಿನಲ್ಲೇ ವಾಯುಯಾನ ಭದ್ರತಾ ಕಾನೂನು ರೂಪುಗೊಂಡು 2005ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರ 7ನೆಯ ವಿಧಿ ಪೈಲಟ್‌ಗಳ ಜೊತೆಗೆ ಹಾರಾಟ ಕಲಿಯುವ ವಿದ್ಯಾರ್ಥಿಗಳನ್ನೂ ಹೆಸರಿಸಿ, ಅವರ ‘ವಿಶ್ವಾಸಾರ್ಹತೆ’ಯನ್ನು ಪರಿಶೀಲಿಸಬೇಕೆಂದು ಹೇಳುತ್ತದೆ. ಪೊಲೀಸ್, ಗುಪ್ತಚರ ಸಂಸ್ಥೆ ಮತ್ತು ಅಪರಾಧ ದಾಖಲೆಗಳ ಕೇಂದ್ರ ನೋಂದಣಿಗಳಲ್ಲಿ ವಿಚಾರಣೆ ನಡೆಯುತ್ತದೆ. ಕಳೆದ 10 ವರ್ಷಗಳ ವಾಸಸ್ಥಳಗಳನ್ನು ತಿಳಿಸಬೇಕು. ಫಲಿತಾಂಶ 5 ವರ್ಷ ಊರ್ಜಿತ. ಆಯಾ ರಾಜ್ಯದ ಪ್ರಾಧಿಕಾರ ಇದನ್ನು ನಡೆಸುವುದರಿಂದ ಮ್ಯೂನಿಕ್‌ನ ಅನುಭವವೇ ಸ್ಟುಟ್‌ಗಾರ್ಟ್‌ನಲ್ಲೂ ಆಗುತ್ತದೆಂದು ಎಣಿಸಬಾರದು.

ನನ್ನ ಮಟ್ಟಿಗೆ ನಾಲ್ಕರಲ್ಲಿ ತಾರ್ಕಿಕವಾಗಿ ಹೆಚ್ಚು ಒಪ್ಪುವಂಥದ್ದು ಈ ಕ್ರಮ. ಪೌರರನ್ನೂ ವಿದೇಶಿಗರನ್ನೂ ಭೇದವಿಲ್ಲದೆ ಪರಿಶೀಲಿಸುತ್ತದೆ, ಅದೂ ಕಲಿಕೆಯ ಆರಂಭದಲ್ಲೇ. ಆದರೆ ತರ್ಕಕ್ಕೆ ಒಪ್ಪಿದ್ದೆಲ್ಲ ನಮ್ಮ ವಿದ್ಯಾರ್ಥಿಗೆ ಅನುಕೂಲ ಎನ್ನುವಂತಿಲ್ಲ. ಹತ್ತು ವರ್ಷಗಳಲ್ಲಿ ಹೆಚ್ಚಿನ ಕಾಲವನ್ನು ಜರ್ಮನಿಯ ಹೊರಗೆ ಕಳೆದವರ ಬಗ್ಗೆ ಅಲ್ಲಿನ ದಾಖಲೆಗಳಲ್ಲಿ ಏನೂ ಇರುವುದಿಲ್ಲವಾದ್ದರಿಂದ ಹಿಂದಿನ ದೇಶದ ಕಾಗದಪತ್ರ ಕೇಳುತ್ತಾರೆ, ಅದು ಭಾಷಾಂತರವಾಗಬೇಕು, ಸಮಯ ಹಿಡಿಯುತ್ತದೆ. ಭಾರತದಿಂದ ವೃತ್ತಿಪರ ಲೈಸೆನ್ಸ್‌ಗೆಂದೇ ಜರ್ಮನಿಗೆ ಹೋಗುವವರು ಹೇಗೂ ಕಡಿಮೆ. ಈ ಭಾಗ ಮುಖ್ಯವಾಗಿ ಅಲ್ಲಿ ಈಗಾಗಲೇ ಉದ್ಯೋಗದಲ್ಲಿದ್ದು ಹವ್ಯಾಸಕ್ಕೆ ಹಾರಾಟ ಕಲಿಯಬಯಸುವ ಕನ್ನಡಿಗರಿಗೆ ಸಂಬಂಧಿಸಿದ್ದು.

ಕೆನಡಾ: ವಲಸೆ ಇಲಾಖೆಯ ಬಾಗಿಲಲ್ಲೇ ಎಲ್ಲ

ಕೆನಡಾದಲ್ಲಿ ಹಾರಾಟ ಕಲಿಯುವವರಿಗೆಂದು ಅಮೆರಿಕದ ಮಾದರಿಯ ಪ್ರತ್ಯೇಕ ಒಪ್ಪಿಗೆ ಇಲ್ಲ. 6 ತಿಂಗಳು ಮೀರುವ ಕೋರ್ಸಿಗೆ ಸ್ಟಡಿ ಪರ್ಮಿಟ್ ಬೇಕು. ಅದರ ಅರ್ಜಿಯ ಜೊತೆಗೆ 85 ಕೆನಡಿಯನ್ ಡಾಲರ್ ಕಟ್ಟಿ ಕೊಡುವ ಬೆರಳಚ್ಚು ಮತ್ತು ಭಾವಚಿತ್ರ 10 ವರ್ಷ ಚಾಲ್ತಿಯಲ್ಲಿರುತ್ತವೆ. ಹಿನ್ನೆಲೆಯ ಪರಿಶೀಲನೆ ಅಲ್ಲಿಯೇ ನಡೆದುಹೋಗುತ್ತದೆ. ಕೆನಡಾ ಸೇರಿದ ಮೇಲೆ ವಿದ್ಯಾರ್ಥಿ ಪೈಲಟ್ ಪರ್ಮಿಟ್‌ಗೆ ವೈದ್ಯಕೀಯ ಪರೀಕ್ಷೆ ಮತ್ತು ಪಿಸ್ಟಾರ್ ಎಂಬ ಸಣ್ಣ ಲಿಖಿತ ಪರೀಕ್ಷೆ ಮುಖ್ಯ. ದೊಡ್ಡ ನಿಲ್ದಾಣದ ನಿರ್ಬಂಧಿತ ವಲಯದಲ್ಲಿ ಕೆಲಸ ಮಾಡುವವರಿಗೆ ಸಾರಿಗೆ ಭದ್ರತಾ ಕ್ಲಿಯರೆನ್ಸ್ ಬೇಕಾದರೂ ಅದು ಉದ್ಯೋಗಕ್ಕೆ ಸಂಬಂಧಿಸಿದ್ದು.

ಹಣದ ದೃಷ್ಟಿಯಿಂದ ನೋಡಿದರೆ ‘ಇಲ್ಲ’ ಎಂಬ ಉತ್ತರ ಊರಿನಲ್ಲಿರುವಾಗಲೇ ಬರುವ ದೇಶ ಇದೊಂದೇ. ಪರ್ಮಿಟ್ ಸಿಕ್ಕಿತೆಂದರೆ ತರಬೇತಿಯ ನಡುವೆ ಭದ್ರತೆಯ ಹೆಸರಿನಲ್ಲಿ ಇನ್ನೊಂದು ತಡೆ ಎದುರಾಗುವ ಸಂಭವ ಕಡಿಮೆ. ಇದರ ಬೆಲೆಯಾಗಿ, ಪರ್ಮಿಟ್ ಸಿಗುವುದೇ ಈಚಿನ ವರ್ಷಗಳಲ್ಲಿ ಬಿಗಿಯಾಗಿದೆ. ಭಾರತೀಯ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುತ್ತಿದ್ದ ಶೀಘ್ರ ಮಾರ್ಗವನ್ನು ಕೆನಡಾ 2024ರ ನವೆಂಬರ್‌ನಲ್ಲಿ ನಿಲ್ಲಿಸಿದೆ. ಚಳಿಗಾಲದ ಹವಾಮಾನದಿಂದ ಗಂಟೆಗಳು ಕೂಡಲು ತಡವಾಗುವುದು ಬೇರೆ ವಿಷಯ.

ಹೆಸರು, ವಿಳಾಸ, ಎಫ್‌ಐಆರ್

ಯಾವ ದೇಶವನ್ನು ಆರಿಸಿದರೂ ಕರ್ನಾಟಕದ ವಿದ್ಯಾರ್ಥಿಗೆ ತಡವಾಗುವುದು ಹೆಚ್ಚಾಗಿ ಅಪರಾಧದಿಂದಲ್ಲ, ಹೆಸರಿನಿಂದ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಇಟ್ಟುಕೊಳ್ಳುವ ರೂಢಿ ಇರುವುದರಿಂದ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಎನ್.’ ಎಂದಿರುವವನು ಪಾಸ್‌ಪೋರ್ಟಿನಲ್ಲಿ ‘ಕಡೂರು ನಾಗರಾಜ್ ಮಂಜುನಾಥ’ ಆಗಿರುತ್ತಾನೆ, ಆಧಾರ್‌ನಲ್ಲಿ ಬರೀ ‘ಮಂಜುನಾಥ’ ಆಗಿರುತ್ತಾನೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದರೆ ಅಮೆರಿಕದ ವೀಸಾದಲ್ಲಿ ಅದು ಮನೆತನದ ಹೆಸರಿನ ಜಾಗಕ್ಕೆ ಹೋಗಿ, ಕೊಟ್ಟ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂದು ಮುದ್ರಿತವಾಗುತ್ತದೆ. ಐ-20ರಲ್ಲಿ ಒಂದು, ವೀಸಾದಲ್ಲಿ ಒಂದು, ಟಿಎಸ್‌ಎ ಅರ್ಜಿಯಲ್ಲಿ ಇನ್ನೊಂದು ಎಂದಾದಾಗ ದಾಖಲೆಗಳನ್ನು ತಾಳೆ ನೋಡುವವರು ಸ್ಪಷ್ಟನೆ ಕೇಳದೆ ಮುಂದೆ ಹೋಗುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಕೊಟ್ಟ ಹೆಸರು ಮತ್ತು ಮನೆತನದ ಹೆಸರು ಎರಡನ್ನೂ ತುಂಬಿಸಿಕೊಂಡು, ಅದೇ ರೂಪವನ್ನು ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ಅಭ್ಯರ್ಥಿಗೆ ಕೊಡುವ ಕಂಪ್ಯೂಟರ್ ನಂಬರ್‌ನಿಂದ ಹಿಡಿದು ವೈದ್ಯಕೀಯ ಪ್ರಮಾಣಪತ್ರದವರೆಗೆ ಬಳಸಬೇಕು. ಬೇರೆ ರೂಪಗಳನ್ನು ಮುಚ್ಚಿಡಬಾರದು. ‘ಬಳಸಿದ ಇತರ ಹೆಸರುಗಳು’ ಎಂಬ ಅಂಕಣ ಇರುವುದು ಅದಕ್ಕೆಂದೇ. ಈ ಶಿಸ್ತಿನ ಫಲ ಮರಳಿದ ಮೇಲೂ ಸಿಗುತ್ತದೆ, ಏಕೆಂದರೆ ವಿದೇಶಿ ಲೈಸೆನ್ಸನ್ನು ಭಾರತದ ಲೈಸೆನ್ಸಾಗಿ ಪರಿವರ್ತಿಸುವಾಗ ಅದು ನೈಜವೇ ಎಂದು ಡಿಜಿಸಿಎ ಆ ದೇಶದ ಪ್ರಾಧಿಕಾರದಿಂದಲೇ ಖಚಿತಪಡಿಸಿಕೊಳ್ಳುತ್ತದೆ, ಮತ್ತು ಅಲ್ಲಿಯೂ ಹೆಸರು ತಾಳೆಯಾಗಬೇಕು.

ಐದು ಅಥವಾ ಹತ್ತು ವರ್ಷಗಳ ವಿಳಾಸ ಕೇಳಿದಾಗ ಹಾಸ್ಟೆಲ್, ಪಿಜಿ, ಅಜ್ಜಿ ಮನೆ ಎಲ್ಲವನ್ನೂ ತಿಂಗಳ ಸಮೇತ ಬರೆಯಬೇಕು. ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಎಲ್ಲ ಅರ್ಜಿಗಳಿಗೂ ಅದನ್ನೇ ಬಳಸಿದರೆ ವಿವರಗಳು ಒಂದಕ್ಕೊಂದು ವಿರುದ್ಧವಾಗುವುದಿಲ್ಲ.

ಕಾಲೇಜು ದಿನಗಳ ಪ್ರತಿಭಟನೆಯಲ್ಲೋ ಜಗಳದಲ್ಲೋ ಎಫ್‌ಐಆರ್‌ನಲ್ಲಿ ಹೆಸರು ಸೇರಿದವರು ಅದನ್ನು ಹೇಳಬೇಕೇ ಎಂದು ಕೇಳುತ್ತಾರೆ. ಅರ್ಜಿಯ ಪ್ರಶ್ನೆ ಶಿಕ್ಷೆಯನ್ನು ಕೇಳುತ್ತಿದೆಯೋ, ಬಂಧನವನ್ನೋ, ಆರೋಪವನ್ನೋ ಎಂದು ಪದಪದವಾಗಿ ಓದಿ, ಕೇಳಿದ್ದಕ್ಕೆ ನಿಜವಾದ ಉತ್ತರ ಕೊಡಬೇಕು. ಪ್ರಕರಣ ರದ್ದಾಗಿದ್ದರೆ ನ್ಯಾಯಾಲಯದ ಆದೇಶದ ದೃಢೀಕೃತ ಪ್ರತಿ ಜೊತೆಯಲ್ಲಿರಲಿ. ಸಣ್ಣ ಪ್ರಕರಣವೊಂದನ್ನು ವಿವರಿಸಿ ಪಾರಾಗಬಹುದು; ಸುಳ್ಳು ಉತ್ತರ ಸಿಕ್ಕಿಬಿದ್ದರೆ ಅದು ಮುಂದಿನ ಎಲ್ಲ ವೀಸಾ ಅರ್ಜಿಗಳಿಗೂ ಅಂಟಿಕೊಳ್ಳುತ್ತದೆ. ಎಫ್‌ಐಆರ್‌ನಲ್ಲಿ ಹೆಸರಿರುವವರಿಗೆ ನನ್ನ ಸಲಹೆ ಕೆನಡಾ, ಅದು ಆಗದಿದ್ದರೆ ಊರಿನಲ್ಲೇ ಕಲಿಯುವುದು. ಉತ್ತರ ತಡವಾಗಿ ಬರುವ ಆಸ್ಟ್ರೇಲಿಯಾ ಅವರಿಗೆ ಹೊಂದುವುದಿಲ್ಲ.

ಊರಿನಲ್ಲೇ ಕಲಿಯುವ ಮಾತು ಬಂದದ್ದರಿಂದ ಹೇಳಬೇಕು: ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲೋ ರಾಯ್‌ಬರೇಲಿ ಬಳಿಯ ಕೇಂದ್ರ ಸರ್ಕಾರದ ಹಾರಾಟ ಅಕಾಡೆಮಿ ಇಗ್ರುವಾದಲ್ಲೋ ಸೇರುವ ಭಾರತೀಯ ವಿದ್ಯಾರ್ಥಿಗೆ ವಿದೇಶಿ ಎಂಬ ಕಾರಣದ ತಪಾಸಣೆ ಯಾವುದೂ ಇಲ್ಲ. ಭಾರತದ ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದ 200 ಗಂಟೆಗಳನ್ನು ಇಲ್ಲಿ ಪೂರೈಸಲು ಸರದಿ ಉದ್ದವಾದರೂ ಲೈಸೆನ್ಸ್ ಪರಿವರ್ತನೆಯ ಗೋಜು ಇರುವುದಿಲ್ಲ.

ಈಗಾಗಲೇ ಲೈಸೆನ್ಸ್ ಇರುವವರಿಗೆ

ಭಾರತದ ಲೈಸೆನ್ಸ್ ಪಡೆದು ಎ320 ಅಥವಾ 737 ಟೈಪ್ ರೇಟಿಂಗ್‌ಗಾಗಿ, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಗಾಗಿ, ಮಾತ್ರ ವಿದೇಶದ ಸಿಮ್ಯುಲೇಟರ್ ಹುಡುಕುವವರ ಲೆಕ್ಕವೇ ಬೇರೆ. ನೆಲದ ಮೇಲಿನ ಯಂತ್ರವೆಂದು ಅಮೆರಿಕದ ನಿಯಮ ಸಿಮ್ಯುಲೇಟರನ್ನು ಬಿಡುವುದಿಲ್ಲ. 12,500 ಪೌಂಡ್ ಮೀರಿದ ವಿಮಾನದ ತರಬೇತಿಯಾದ್ದರಿಂದ ಪರಿಶೀಲನೆಗೆ ಕಾನೂನು ಸರ್ಕಾರಕ್ಕೆ 30 ದಿನಗಳ ಕಾಲಾವಕಾಶ ಕೊಟ್ಟಿದೆ. ಭಾರೀ ವಿಮಾನಗಳನ್ನು ಈಗಾಗಲೇ ನಡೆಸುತ್ತಿರುವಂಥ ಕೆಲವು ವರ್ಗದವರಿಗೆ ಮಾತ್ರ ಅದು 5 ದಿನಗಳ ಶೀಘ್ರ ಪರಿಶೀಲನೆಯಾಗುತ್ತದೆ. ಹೊಸದಾಗಿ ಲೈಸೆನ್ಸ್ ಪಡೆದ, ಇನ್ನೂ ಕೆಲಸಕ್ಕೆ ಸೇರದ ಯುವಕ ಯುವತಿಯರು ಆ ವರ್ಗಕ್ಕೆ ಬರುವುದಿಲ್ಲ. ಕೆಲವೇ ವಾರಗಳ ಸಿಮ್ಯುಲೇಟರ್ ಕೋರ್ಸಿಗಾಗಿ ವೀಸಾ, ಬೆರಳಚ್ಚು ಮತ್ತು ಒಂದು ತಿಂಗಳ ಕಾಯುವಿಕೆಯನ್ನು ಹೊರುವುದಕ್ಕಿಂತ ಭಾರತದಲ್ಲೇ ಇರುವ ಡಿಜಿಸಿಎ ಅನುಮೋದಿತ ಸಿಮ್ಯುಲೇಟರ್ ಕೇಂದ್ರದಲ್ಲಿ ಸೀಟು ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ, ಅಲ್ಲಿ ದಿನಾಂಕ ದೊರೆಯದಿದ್ದಾಗ ಮಾತ್ರ ಹೊರಗಿನದನ್ನು ಯೋಚಿಸುವುದು ಮೇಲು.